ಕಿಂಡಿಯ ಮೂಲಕ ಬೆನ್ನೆಲುಬಿನ ಶಸ್ತ್ರಚಿಕಿತ್ಸೆ

ಅರವತ್ತು ದಾಟಿದ ಕೆಲವರಲ್ಲಿ ಒಂದು ವಿಚಿತ್ರವಾದ ತೊಂದರೆ ಕಂಡುಬರುವುದುಂಟು. ನೆಟ್ಟಗೆ ಒಂದೆರಡು ಫರ್ಲಾಂಗು ನಡೆಯುವಷ್ಟರಲ್ಲಿ ಅವರ ಕಾಲುಗಳು ಜೋಮು ಹಿಡಿಯುತ್ತವೆ. ನಿತಂಬದಿಂದ ಮೀನಖಂಡದವರೆಗೆ ನೋವು ಇಳಿಯುತ್ತದೆ. ಹೆಜ್ಜೆ ಭಾರವಾಗಿ, ಇನ್ನು ಮುಂದಕ್ಕೆ ಹೋಗಲಾರೆನೆನ್ನಿಸುತ್ತದೆ. ದಾರಿಯ ಬದಿಯ ಕಟ್ಟೆಯ ಮೇಲೆ ಐದು ನಿಮಿಷ ಕುಳಿತರೆ ನೋವು ತಾನಾಗಿ ಅಡಗುತ್ತದೆ. ಎದ್ದು ನಡೆದರೆ ಪುನಃ ಅದೇ ಕಥೆ. ವಿಚಿತ್ರವೆಂದರೆ, ಇದೇ ವ್ಯಕ್ತಿ ಬೈಸಿಕಲ್ಲಿನ ಮೇಲೆ ಮುಂದಕ್ಕೆ ಬಾಗಿ ಕುಳಿತು ಮೈಲಿಗಟ್ಟಲೆ ದೂರ ಹೋಗಬಲ್ಲರು. ದಿಣ್ಣೆಯನ್ನು ಏರುವಾಗ ಆಗದ ಕಷ್ಟ ಇಳಿಯುವಾಗ ಆಗುತ್ತದೆ. ತಳ್ಳುವ ಗಾಡಿಯೊಂದರ ಮೇಲೆ ಕೈಯೂರಿ ಬಾಗಿ ನಡೆದರೆ ನಡಿಗೆ ಸುಗಮವಾಗುತ್ತದೆ.

ಕಾಲಿನಲ್ಲೇ ರೋಗವಿದ್ದಿದ್ದರೆ ಬೈಸಿಕಲ್ಲನ್ನು ತುಳಿಯುವಾಗಲೂ ನೋವು ಬರಬೇಕಾಗಿತ್ತು. ಏರುವುದು ಇಳಿಯುವುದಕ್ಕಿಂತ ಕಷ್ಟವಾಗಬೇಕಾಗಿತ್ತು. ಹಾಗಾಗದೆ ಎಲ್ಲವೂ ತಿರುವುಮುರುವಾಗಿರುವುದೇಕೆ? ಈ ಪ್ರಶ್ನೆಗೆ ಉತ್ತರವಿರುವುದು ಕಾಲಿನಲ್ಲಲ್ಲ, ಸೊಂಟದಲ್ಲಿ. ಬೆನ್ನೆಲುಬಿನ ಕೆಳಭಾಗದಲ್ಲಿ ನರಗಳು ಸಾಗುವ ನಾಳವು ಕಿರಿದಾಗಿರುವುದೇ ಇದರ ಮೂಲ. ವೈದ್ಯರು ಇದನ್ನು ‘ಸ್ಟೆನೋಸಿಸ್’ ಎಂದು ಕರೆಯುವರು, ಕನ್ನಡದಲ್ಲಿ ನಾಳಸಂಕೋಚವೆನ್ನಬಹುದು. ಈ ಸಂಕೋಚವನ್ನು ಬೆರಳಗಲದ ಒಂದೆರಡು ಕಿಂಡಿಗಳ ಮೂಲಕ ಸಡಿಲಿಸುವ ಶಸ್ತ್ರಚಿಕಿತ್ಸೆ ಈಗ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ. ಅದು ಏನು, ಹೇಗೆ, ಎಷ್ಟರಮಟ್ಟಿಗೆ ಪ್ರಯೋಜನಕರ ಎಂಬುದನ್ನು ವಿಚಾರಿಸೋಣ.

ಬೆನ್ನೆಲುಬಿನ ರಚನೆ

ಬೆನ್ನೆಲುಬು ಒಂದೇ ಎಲುಬಲ್ಲ. ಮಗುವಿನಲ್ಲಿ ೩೩ ಕಶೇರುಮಣಿಗಳು ಒಂದರ ಮೇಲೊಂದು ಪೋಣಿಸಿದಂತಿರುತ್ತವೆ. ಕುತ್ತಿಗೆಯಲ್ಲಿ ೭, ಎದೆಯ ಭಾಗದಲ್ಲಿ ೧೨, ಸೊಂಟದಲ್ಲಿ ೫. ಇವುಗಳ ಕೆಳಗಿನ ೫ ಮಣಿಗಳು ಬೆಳವಣಿಗೆಯಲ್ಲಿ ಒಂದಾಗಿ ತ್ರಿಕಾಸ್ಥಿಯೆನಿಸಿಕೊಳ್ಳುತ್ತವೆ. ಕಟ್ಟಕಡೆಯ ನಾಲ್ಕು ಸಾಮಾನ್ಯವಾಗಿ ಬೆಸೆದುಕೊಂಡು ಬಾಲದ ಮೂಳೆಯಾಗುತ್ತವೆ. ಪ್ರತಿಯೊಂದು ಮಣಿಗೂ ಮುಂಭಾಗದಲ್ಲಿ ಭಾರ ಹೊರುವ ದಪ್ಪನಾದ ದಿಮ್ಮಿ, ಹಿಂಭಾಗದಲ್ಲಿ ಒಂದು ಮೂಳೆಯ ಕಮಾನು ಇರುತ್ತವೆ. ಮಣಿಗಳನ್ನು ಜೋಡಿಸಿದಾಗ ಕಮಾನುಗಳೊಳಗಿನ ತೆರಪುಗಳು ಸಾಲಾಗಿ ಸೇರಿ ಒಂದು ಉದ್ದವಾದ ನಾಳವಾಗುತ್ತದೆ. ಇದೇ ಕಶೇರುನಾಳ.

ಈ ನಾಳದಲ್ಲಿ ಮಿದುಳಿನಿಂದ ಇಳಿದುಬರುವ ಬೆನ್ನುಹುರಿ ಭದ್ರವಾಗಿರುತ್ತದೆ. ಆದರೆ ಬೆನ್ನುಹುರಿ ನಾಳದ ತುದಿಯವರೆಗೂ ಬರುವುದಿಲ್ಲ. ವಯಸ್ಕರಲ್ಲಿ ಸೊಂಟದ ಒಂದನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲೇ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕಾಲುಗಳಿಗೆ, ಮೂತ್ರಕೋಶಕ್ಕೆ, ಗುದಕ್ಕೆ ಹೋಗಬೇಕಾದ ನರಗಳ ಬೇರುಗಳು ಮಾತ್ರ ಕುದುರೆಯ ಬಾಲದ ಕೂದಲಿನಂತೆ ಜೋಲುಬಿದ್ದಿರುತ್ತವೆ. ಅಂಗರಚನಾಶಾಸ್ತ್ರಜ್ಞರು ಈ ಗೊಂಚಲಿಗೆ ‘ಅಶ್ವಪುಚ್ಛ’ ಎಂಬ ಅರ್ಥವುಳ್ಳ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದಾರೆ. ‘ಡ್ಯೂರ’ ಎಂಬ ಪೊರೆಯ ಚೀಲದೊಳಗೆ, ತಿಳಿಯಾದ ಒಂದು ದ್ರವದಲ್ಲಿ ಈ ಬೇರುಗಳು ತೇಲಾಡುತ್ತಿರುತ್ತವೆ. ಒಂದೊಂದು ಮಣಿಯ ಮಟ್ಟದಲ್ಲಿಯೂ ಎಡಕ್ಕೊಂದು ಬಲಕ್ಕೊಂದು ನರ ಪಕ್ಕದ ರಂಧ್ರದಿಂದ ಹೊರಬೀಳುತ್ತದೆ.

ಸೊಂಟದ ಭಾಗದಲ್ಲಿ ಈ ನಾಳಕ್ಕೆ ಯಾವ ಯಾವ ಗೋಡೆಗಳಿವೆಯೆಂಬುದನ್ನು ಚೆನ್ನಾಗಿ ನೆನಪಿಡಬೇಕು. ಮುಂದುಗಡೆ ಎರಡು ದಿಮ್ಮಿಗಳ ನಡುವೆ ಮೆತ್ತೆಯಂತಿರುವ ತಟ್ಟೆ, ಎಂದರೆ ‘ಡಿಸ್ಕ್’. ಹಿಂದುಗಡೆ ಎಡಬಲಗಳಲ್ಲಿ ಮಣಿಗೆ ಮಣಿಯನ್ನು ಕೂಡಿಸುವ ಎರಡು ಸಣ್ಣ ಕೀಲುಗಳು. ಇವಕ್ಕೆ ‘ಫ್ಯಾಸೆಟ್’ ಕೀಲುಗಳೆಂದು ಹೆಸರು. ಒಂದು ಕಮಾನಿನಿಂದ ಮುಂದಿನ ಕಮಾನಿಗೆ ಒಳಮೈಯಲ್ಲಿ ಹರಡಿದ ಹಳದಿ ಅಸ್ಥಿಬಂಧ. ರಬ್ಬರಿನಂತೆ ಹಿಗ್ಗಬಲ್ಲ ಎಲಾಸ್ಟಿನ್ ಎಂಬ ಪದಾರ್ಥವೇ ಇದರಲ್ಲಿ ಹೆಚ್ಚಾಗಿರುವುದರಿಂದ ಇದಕ್ಕೆ ಹಳದಿ ಬಣ್ಣ ಬಂದಿದೆ. ಈ ಮೂರರಲ್ಲಿ ಯಾವುದು ಒಳಕ್ಕೆ ಚಾಚಿದರೂ ನರಗಳಿಗೆ ಇರುವ ಜಾಗ ಕಡಿಮೆಯಾಗುತ್ತದೆ.

ನಾಳ ಕಿರಿದಾಗುವ ಬಗೆ

ಡಿಸ್ಕಿನ ನಡುವೆ ಲೋಳೆಯಂತಹ ತಿರುಳೂ ಸುತ್ತಲೂ ಗಟ್ಟಿ ನಾರಿನ ಬಳೆಗಳೂ ಇರುತ್ತವೆ. ಎಳೆಯ ವಯಸ್ಸಿನಲ್ಲಿ ಈ ತಿರುಳಿನ ತೂಕದಲ್ಲಿ ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು ಪಾಲು ನೀರೇ. ಹಗಲೆಲ್ಲ ದೇಹದ ಭಾರ ಬಿದ್ದು ಈ ನೀರು ಸ್ವಲ್ಪ ಸ್ವಲ್ಪವಾಗಿ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ಒಳಸೇರುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಬೆಳಿಗ್ಗೆ ಎದ್ದೊಡನೆ ಗೋಡೆಗೆ ಒರಗಿ ಎತ್ತರವನ್ನು ಗುರುತು ಮಾಡಿ, ಸಂಜೆ ಮತ್ತೊಮ್ಮೆ ಅಳೆದರೆ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಿರುವುದು ಕಾಣುತ್ತದೆ.

ವಯಸ್ಸಾದಂತೆ ತಿರುಳಿನ ನೀರು ಹಿಡಿಯುವ ಶಕ್ತಿ ಕುಗ್ಗುತ್ತದೆ. ಎಳನೀರಿನ ಗಂಜಿ ಬಲಿತು ಕೊಬ್ಬರಿಯಾಗುವಂತೆ, ಮೆತ್ತಗಿದ್ದುದು ಒಣಗಿ ನಾರಾಗುತ್ತದೆ. ಡಿಸ್ಕು ತಗ್ಗಿ ಅಂಚುಗಳಲ್ಲಿ ಉಬ್ಬಿ ನಾಳದೊಳಕ್ಕೆ ಚಾಚುತ್ತದೆ. ಮುಂದಿನ ಮೆತ್ತೆ ಹೊರಬೇಕಾದ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಫ್ಯಾಸೆಟ್ ಕೀಲುಗಳ ಮೇಲೆ ಬೀಳುತ್ತದೆ. ಅವು ಸವೆದು, ಅಂಚಿನಲ್ಲಿ ಹೊಸ ಮೂಳೆಯ ಮೊಳಕೆಗಳು ಬೆಳೆದು, ಗಾತ್ರದಲ್ಲಿ ದೊಡ್ಡವಾಗುತ್ತವೆ. ಮಣಿಗಳು ಹತ್ತಿರ ಬಂದುದರಿಂದ ಹಳದಿ ಅಸ್ಥಿಬಂಧ ಬಿಗಿತಪ್ಪಿ ಮಡಿಸಿಕೊಳ್ಳುತ್ತದೆ. ಕ್ರಮೇಣ ದಪ್ಪವೂ ಆಗುತ್ತದೆ. ಹೀಗೆ ಮೂರು ದಿಕ್ಕುಗಳಿಂದಲೂ ಗೋಡೆಗಳು ನರಗಳತ್ತ ಸರಿಯುತ್ತವೆ.

ಕಿರಿದಾಗುವಿಕೆ ಅಲ್ಪವೆಂದು ತೋರಿದರೂ ಪರಿಣಾಮ ಅಲ್ಪವಲ್ಲ. ನಾಳದ ಅಡ್ಡಕೊಯ್ತವನ್ನು ಸರಳವಾಗಿ ವೃತ್ತವೆಂದು ಭಾವಿಸೋಣ. ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ೧೫ ಮಿಲಿಮೀಟರಿನಿಂದ ೧೦ಕ್ಕೆ ಇಳಿದರೆ, ಅದು ಮೂರನೆಯ ಒಂದು ಪಾಲು ಮಾತ್ರ ಕಡಿಮೆಯಾದಂತೆ. ಆದರೆ ಕ್ಷೇತ್ರಫಲ ೨೨೫ಕ್ಕೆ ೧೦೦ರ ಪ್ರಮಾಣದಲ್ಲಿ ಕುಗ್ಗಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ನೆದರ್ಲೆಂಡಿನ ಉಟ್ರೆಕ್ಟಿನ ನರಶಸ್ತ್ರವೈದ್ಯ ಹೆಂಕ್ ವರ್ಬಿಯೆಸ್ಟ್ ಎಂಬಾತನು ೧೯೫೪ರಲ್ಲಿ ಪ್ರಕಟಿಸಿದ ಲೇಖನದಿಂದ ಈ ರೋಗವು ವೈದ್ಯಲೋಕದ ಗಮನಕ್ಕೆ ಚೆನ್ನಾಗಿ ಬಂದಿತು. ನಾಳದ ಹಿಂದುಮುಂದಿನ ಅಳತೆ ೧೨ ಮಿಲಿಮೀಟರಿಗಿಂತ ಕಡಿಮೆಯಾದರೆ ಸಂಕೋಚದ ಶಂಕೆ, ೧೦ಕ್ಕಿಂತ ಕಡಿಮೆಯಾದರೆ ನಿಸ್ಸಂದೇಹವಾದ ಸಂಕೋಚ ಎಂದು ಲೆಕ್ಕ ಹಾಕುವ ವಾಡಿಕೆ ಆತನ ಅಳತೆಗಳಿಂದ ಬಂದುದು. ಕೆಲವರಿಗೆ ಹುಟ್ಟಿನಿಂದಲೇ ನಾಳ ಕಿರಿದಾಗಿರುತ್ತದೆ; ಅಂಥವರಲ್ಲಿ ಮುಪ್ಪಿನ ಸ್ವಲ್ಪ ಸವೆತವೇ ರೋಗವನ್ನು ತರಲು ಸಾಕಾಗುತ್ತದೆ.

ಈಗ ಬೈಸಿಕಲ್ಲಿನ ಒಗಟನ್ನು ಬಿಡಿಸಬಹುದು. ಬೆನ್ನನ್ನು ಹಿಂದಕ್ಕೆ ಸೆಟೆದಾಗ ಕಮಾನುಗಳು ಹತ್ತಿರ ಬಂದು ಅಸ್ಥಿಬಂಧ ಒಳಕ್ಕೆ ಮಡಿಯುತ್ತದೆ, ಡಿಸ್ಕು ಹಿಂದಕ್ಕೆ ಉಬ್ಬುತ್ತದೆ, ನಾಳ ಇನ್ನಷ್ಟು ಕಿರಿದಾಗುತ್ತದೆ. ಮುಂದಕ್ಕೆ ಬಾಗಿದಾಗ ಅಸ್ಥಿಬಂಧ ಸೆಳೆದು ತೆಳುವಾಗಿ ನಾಳ ಹಿಗ್ಗುತ್ತದೆ. ನೆಟ್ಟಗೆ ನಡೆಯುವುದೆಂದರೆ ಸೊಂಟವನ್ನು ತುಸು ಹಿಂದಕ್ಕೆ ಬಾಗಿಸಿಕೊಂಡಿರುವುದೇ ಸರಿ. ಇಳಿಜಾರಿನಲ್ಲಿ ಈ ಬಾಗು ಹೆಚ್ಚುತ್ತದೆ. ಅದೇ ವೇಳೆಗೆ ನಡೆಯುವ ಕಾಲುಗಳಿಗೆ ಆಜ್ಞೆ ಕೊಡುತ್ತಿರುವ ನರಗಳಿಗೆ ಹೆಚ್ಚು ರಕ್ತ ಬೇಕು. ಒತ್ತಡದಿಂದ ಸೂಕ್ಷ್ಮವಾದ ಸಿರೆಗಳಲ್ಲಿ ರಕ್ತ ಕಟ್ಟಿಕೊಂಡು ನರಗಳಿಗೆ ಪೂರೈಕೆ ಸಾಲದೆ ಹೋಗುತ್ತದೆ. ಜೋಮು, ನೋವು, ಸೋಲು ಎಲ್ಲಕ್ಕೂ ಇದೇ ಕಾರಣ.

ಕಾಲಿನ ಅಪಧಮನಿಗಳು ಕಿರಿದಾದಾಗಲೂ ನಡೆಯುವಾಗ ನೋವು ಬರುವುದುಂಟು. ಆದರೆ ಅಂಥ ರೋಗಿಗೆ ಕುಳಿತುಕೊಳ್ಳಬೇಕಾದ ಅಗತ್ಯವಿಲ್ಲ, ನಿಂತರೇ ಸಾಕು, ನೋವು ಹೋಗುತ್ತದೆ. ಬೈಸಿಕಲ್ ತುಳಿದರೂ ನೋವು ತಪ್ಪುವುದಿಲ್ಲ. ಪಾದದ ನಾಡಿ ದುರ್ಬಲವಾಗಿರುತ್ತದೆ. ಜಾಣವೈದ್ಯನು ಯಂತ್ರವನ್ನು ಮುಟ್ಟುವ ಮುನ್ನವೇ ಇಷ್ಟನ್ನು ಕೇಳಿ ತಿಳಿದುಕೊಳ್ಳುವನು.

ಚಿತ್ರವೇ ರೋಗವಲ್ಲ

ಇಂದು ಕಾಂತೀಯ ಅನುರಣನದಿಂದ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರವು ಡಿಸ್ಕು, ನರ, ಅಸ್ಥಿಬಂಧಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಇದು ದೊಡ್ಡ ಅನುಕೂಲವೇ ಸರಿ. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ೧೯೯೦ರಲ್ಲಿ ಅಮೆರಿಕದಲ್ಲಿ ಬೆನ್ನುನೋವನ್ನಾಗಲಿ ಕಾಲುನೋವನ್ನಾಗಲಿ ಕಾಣದಿದ್ದ ೬೭ ಮಂದಿಯ ಚಿತ್ರಗಳನ್ನು ಪರೀಕ್ಷಿಸಿದರು. ಅರವತ್ತು ದಾಟಿದವರ ಗುಂಪಿನಲ್ಲಿ ನೂರಕ್ಕೆ ಸುಮಾರು ೨೧ ಮಂದಿಗೆ ನಾಳಸಂಕೋಚ ಕಾಣಿಸಿತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ! ಚಿತ್ರದಲ್ಲಿ ಸಂಕೋಚ ಕಂಡ ಮಾತ್ರಕ್ಕೆ ಅದೇ ನೋವಿನ ಮೂಲವೆಂದು ತೀರ್ಮಾನಿಸಲಾಗದೆಂಬುದು ಇದರಿಂದ ಸ್ಪಷ್ಟ. ರೋಗಿಯ ಮಾತು, ದೇಹಪರೀಕ್ಷೆ, ಚಿತ್ರ ಈ ಮೂರೂ ಒಂದನ್ನೇ ಹೇಳಿದಾಗ ಮಾತ್ರ ಶಸ್ತ್ರದ ಯೋಚನೆಗೆ ಅವಕಾಶ.

ಹಳೆಯ ಕ್ರಮ ಮತ್ತು ಅದರ ಇಕ್ಕಟ್ಟು

ಒತ್ತಿದ ನರಗಳನ್ನು ಬಿಡಿಸಲು ನೇರವಾದ ಉಪಾಯ ನಾಳದ ಮೇಲ್ಛಾವಣಿಯನ್ನು ತೆಗೆದುಹಾಕುವುದು. ಕಮಾನಿನ ಹಿಂಭಾಗದ ಚಪ್ಪಟೆ ಮೂಳೆಗೆ ‘ಲ್ಯಾಮಿನ’ ಎಂದು ಹೆಸರಾದುದರಿಂದ ಈ ಕ್ರಿಯೆಗೆ ‘ಲ್ಯಾಮಿನೆಕ್ಟೊಮಿ’ ಎನ್ನುವರು. ಬೆನ್ನಿನ ಮಧ್ಯದಲ್ಲಿ ಹಲವು ಸೆಂಟಿಮೀಟರು ಉದ್ದದ ಗಾಯ ಮಾಡಿ, ಎರಡು ಪಕ್ಕದ ಸ್ನಾಯುಗಳನ್ನೂ ಮೂಳೆಯಿಂದ ಕೆತ್ತಿ ಸರಿಸಿ, ಹಿಂದಿನ ಮುಳ್ಳನ್ನೂ ಲ್ಯಾಮಿನಗಳನ್ನೂ ತೆಗೆಯುವುದು ಇದರ ರೂಢಿಯ ಕ್ರಮ. ನೂರಾರು ಸಾವಿರ ಜನರಿಗೆ ಇದರಿಂದ ನೆಮ್ಮದಿ ದೊರಕಿದೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲೊಂದು ಇಕ್ಕಟ್ಟಿದೆ. ನರವನ್ನು ಒತ್ತುತ್ತಿರುವ ಮೂಳೆಯೇ ಬೆನ್ನನ್ನು ನಿಲ್ಲಿಸಿರುವ ಆಧಾರವೂ ಹೌದು. ಕಡಿಮೆ ತೆಗೆದರೆ ನರ ಬಿಡುಗಡೆಯಾಗದು. ಹೆಚ್ಚು ತೆಗೆದರೆ, ಅದರಲ್ಲಿಯೂ ಫ್ಯಾಸೆಟ್ ಕೀಲುಗಳ ಅರ್ಧಕ್ಕಿಂತ ಹೆಚ್ಚು ಭಾಗ ಹೋದರೆ, ಒಂದು ಮಣಿ ಇನ್ನೊಂದರ ಮೇಲೆ ಜಾರಲು ಅವಕಾಶವಾದೀತು. ಕಂಬವನ್ನು ಕದಲಿಸದೆ ಕೋಣೆಯನ್ನು ಅಗಲ ಮಾಡಬೇಕಾದ ಬಡಗಿಯ ಪಾಡು ಶಸ್ತ್ರವೈದ್ಯನದು. ಸ್ನಾಯುಗಳ ಪ್ರಶ್ನೆಯೂ ಉಂಟು. ಗಂಟೆಗಟ್ಟಲೆ ಸರಿಸಿ ಹಿಡಿದ ಸ್ನಾಯುವಿಗೆ ರಕ್ತ ಸಾಲದೆ ಅದು ಕೃಶವಾಗಬಹುದು. ಮೂಳೆ ವಾಸಿಯಾದ ಮೇಲೂ ಸೊಂಟ ಬಲಗುಂದಿರುತ್ತದೆ. ಮಣಿಗಳು ಜಾರದಿರಲೆಂದು ತಿರುಪುಮೊಳೆಗಳಿಂದ ಬಿಗಿದು ಬೆಸೆಯುವ ಪದ್ಧತಿ ಹಬ್ಬಿತು. ಆದರೆ ೨೦೧೬ರಲ್ಲಿ ಪ್ರಕಟವಾದ, ಸ್ವೀಡನ್ನಿನ ೨೪೭ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಬೆಸೆದವರಿಗೂ ಬೆಸೆಯದೆ ನಾಳವನ್ನು ಮಾತ್ರ ಬಿಡಿಸಿದವರಿಗೂ ಎರಡು ವರ್ಷಗಳ ಅನಂತರ ಫಲದಲ್ಲಿ ಗಣ್ಯವಾದ ಅಂತರ ಕಾಣಲಿಲ್ಲ. ಹಾಗಾದರೆ ಆಧಾರವನ್ನು ಕೆಡಿಸದೆ ನಾಳವನ್ನು ಬಿಡಿಸುವ ಮಾರ್ಗವುಂಟೆ? ಕಿಂಡಿಯ ಶಸ್ತ್ರಚಿಕಿತ್ಸೆ ಹುಟ್ಟಿದುದು ಈ ಪ್ರಶ್ನೆಯಿಂದ.

ಒಳಗನ್ನು ನೋಡುವ ಕೊಳವೆ

ದೇಹದ ಒಳಭಾಗವನ್ನು ಕೊಳವೆಯಿಂದ ನೋಡುವ ಆಸೆ ಹಳೆಯದು. ೧೮೦೬ರಲ್ಲಿ ಜರ್ಮನಿಯ ಫಿಲಿಪ್ ಬೊಝಿನಿಯು ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಕ್ಕೆ ತಿರುಗಿಸುವ ಉಪಕರಣವನ್ನು ಮಾಡಿದನು. ೧೮೭೭ರ ಸುಮಾರಿಗೆ ಮ್ಯಾಕ್ಸ್ ನಿಟ್ಝೆಯು ಮಸೂರಗಳನ್ನೂ ವಿದ್ಯುತ್ತಿನಿಂದ ಉರಿಯುವ ತಂತಿಯನ್ನೂ ಅಳವಡಿಸಿ ಮೂತ್ರಕೋಶವನ್ನು ನೋಡುವಂತೆ ಮಾಡಿದನು. ೧೯೩೧ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವದಿಂದ ತೆಗೆದ ಬೆನ್ನೆಲುಬಿನ ನಾಳದೊಳಕ್ಕೆ ಇಂಥ ಕೊಳವೆಯನ್ನು ತೂರಿಸಿ ನೋಡಿದನು. ಮುಂದೆ ಲಾರೆನ್ಸ್ ಪೂಲ್ ಜೀವಂತ ರೋಗಿಗಳಲ್ಲಿ ಅದನ್ನು ಬಳಸಿದನು. ಆದರೆ ಕೊಳವೆ ಸಣ್ಣದಾದಷ್ಟೂ ಚಿತ್ರ ಮಸುಕಾಗುತ್ತಿದ್ದುದರಿಂದ ಕೆಲಸ ಅಲ್ಲಿಗೇ ನಿಂತಿತು.

ಈ ತೊಡಕನ್ನು ಬಿಡಿಸಿದುದು ಭೌತವಿಜ್ಞಾನ. ಗಾಜಿನೊಳಗೆ ಸಾಗುವ ಬೆಳಕು ಗಾಜಿನ ಅಂಚನ್ನು ಸಾಕಷ್ಟು ಓರೆಯಾಗಿ ಮುಟ್ಟಿದರೆ ಹೊರಬೀಳದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕು ಹೀಗೆ ಪುಟಿಯುತ್ತ ಪುಟಿಯುತ್ತ ಬಾಗಿದ ದಾರಿಯಲ್ಲಿಯೂ ಸಾಗುತ್ತದೆ. ಇಂಥ ಎಳೆಗಳ ಕಟ್ಟಿನಿಂದ ಚಿತ್ರವನ್ನು ಸಾಗಿಸಬಹುದೆಂದು ೧೯೫೪ರಲ್ಲಿ ಲಂಡನ್ನಿನಿಂದ ತೋರಿಸಿಕೊಟ್ಟವರು ಹೆರಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಹಾಪ್ಕಿನ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಕೊಳವೆಗಳಲ್ಲಿ ಗಾಳಿಯ ನಡುವೆ ಅಲ್ಲಲ್ಲಿ ಸಣ್ಣ ಮಸೂರಗಳಿರುತ್ತಿದ್ದುವು. ಇವನು ಅದನ್ನು ತಲೆಕೆಳಗು ಮಾಡಿ, ಉದ್ದನೆಯ ಗಾಜಿನ ಕಡ್ಡಿಗಳನ್ನು ಇಟ್ಟು ನಡುನಡುವೆ ಗಾಳಿಯ ಸಣ್ಣ ತೆರಪುಗಳನ್ನು ಬಿಟ್ಟನು. ಅಷ್ಟೇ ದಪ್ಪದ ಕೊಳವೆಯಿಂದ ಚಿತ್ರ ಎಷ್ಟೋ ಪಾಲು ಹೆಚ್ಚು ಬೆಳಗಿ ಕಾಣಿಸಿತು. ಇಂದಿನ ಬೆನ್ನೆಲುಬಿನ ಎಂಡೊಸ್ಕೋಪಿನಲ್ಲಿ ಬೆಳಕನ್ನು ಒಳಕ್ಕೆ ಒಯ್ಯುವುದು ಗಾಜಿನ ಎಳೆ. ಚಿತ್ರವನ್ನು ಹೊರಕ್ಕೆ ತರುವುದು ಸಾಮಾನ್ಯವಾಗಿ ಈ ಗಾಜಿನ ಕಡ್ಡಿ.

ಕೊಳವೆಯಿಂದ ಮೊದಲು ಚಿಕಿತ್ಸೆ ದೊರೆತುದು ಹೊರಕ್ಕೆ ಉಬ್ಬಿದ ಡಿಸ್ಕಿಗೆ. ೧೯೭೫ರಲ್ಲಿ ಜಪಾನಿನ ಹಿಜಿಕಾಟಾ ಚರ್ಮದ ಮೂಲಕ ಕೊಳವೆ ತೂರಿಸಿ ಡಿಸ್ಕಿನ ತಿರುಳನ್ನು ಹೊರತೆಗೆದನು. ಅಮೆರಿಕದ ಪರ್ವೀಜ್ ಕಾಂಬಿನ್ ನರಕ್ಕೆ ತಗಲದಂತೆ ಪಕ್ಕದಿಂದ ಡಿಸ್ಕನ್ನು ಮುಟ್ಟಬಹುದಾದ ತ್ರಿಕೋಣಾಕಾರದ ಒಂದು ಕ್ಷೇಮಪ್ರದೇಶವನ್ನು ಗುರುತಿಸಿದನು. ಅದು ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಡಿಸ್ಕಿನ ತುಣುಕು ಮೆತ್ತಗಿರುವುದರಿಂದ ಚಿಮುಟದಿಂದ ಎಳೆದರೆ ಬರುತ್ತದೆ. ನಾಳಸಂಕೋಚದಲ್ಲಿ ತೆಗೆಯಬೇಕಾದುದು ಗಟ್ಟಿ ಮೂಳೆ. ಸಣ್ಣ ಕೊಳವೆಯೊಳಗೆ ತೂರಬಲ್ಲ ಭೈರಿಗೆ, ಬಲವಾದ ಚಿಮುಟ, ನೀರಿನೊಳಗೆ ರಕ್ತ ನಿಲ್ಲಿಸಬಲ್ಲ ಉಪಕರಣ ಇವೆಲ್ಲ ಸಿದ್ಧವಾದ ಮೇಲೆಯೇ, ಎಂದರೆ ಇಪ್ಪತ್ತೊಂದನೆಯ ಶತಮಾನದಲ್ಲಿ, ಸಂಕೋಚದ ಚಿಕಿತ್ಸೆ ಈ ದಾರಿಗೆ ಬಂದಿತು.

ಶಸ್ತ್ರಕ್ರಿಯೆ ನಡೆಯುವ ಕ್ರಮ

ಇದರಲ್ಲಿ ಎರಡು ಬಗೆಗಳು ಮುಖ್ಯ. ಒಂದರಲ್ಲಿ ಒಂದೇ ಕಿಂಡಿ. ಸುಮಾರು ಒಂದು ಸೆಂಟಿಮೀಟರು ಉದ್ದದ ಗಾಯದಿಂದ ತೂರಿಸಿದ ಒಂದೇ ಕೊಳವೆಯಲ್ಲಿ ಮಸೂರ, ಬೆಳಕು, ನೀರಿನ ದಾರಿ, ಉಪಕರಣದ ದಾರಿ ಎಲ್ಲವೂ ಸೇರಿರುತ್ತವೆ. ಇನ್ನೊಂದರಲ್ಲಿ ಎರಡು ಕಿಂಡಿಗಳು. ಬೆನ್ನಿನ ಒಂದೇ ಪಕ್ಕದಲ್ಲಿ ಎರಡು ಮೂರು ಸೆಂಟಿಮೀಟರು ಅಂತರದಲ್ಲಿ ಎರಡು ಸಣ್ಣ ಗಾಯಗಳನ್ನು ಮಾಡಿ, ಒಂದರಿಂದ ನೋಡುವರು, ಇನ್ನೊಂದರಿಂದ ಕೆಲಸ ಮಾಡುವರು. ಎರಡೂ ಕೈಗಳಿಗೆ ಬೇರೆ ಬೇರೆ ಸ್ವಾತಂತ್ರ್ಯ ದೊರೆಯುವುದರಿಂದ ಈ ಎರಡನೆಯ ಬಗೆ ದಕ್ಷಿಣ ಕೊರಿಯದಲ್ಲಿ ವಿಶೇಷವಾಗಿ ಬೆಳೆದು ಇತರ ದೇಶಗಳಿಗೆ ಹರಡಿತು.

ರೋಗಿಯನ್ನು ಬೋರಲಾಗಿ ಮಲಗಿಸಿ ಅರಿವಳಿಕೆ ಕೊಡುವರು. ಮೊದಲ ಕೆಲಸ ಸರಿಯಾದ ಮಣಿಯನ್ನು ಗುರುತಿಸುವುದು. ಹೊರಗಿನಿಂದ ಎಲ್ಲ ಮಣಿಗಳೂ ಒಂದೇ ರೀತಿ ಕಾಣುವುದರಿಂದ ಕ್ಷ-ಕಿರಣ ಯಂತ್ರದ ಪರದೆಯಲ್ಲಿ ಎಣಿಸಿ ನಿಶ್ಚಯಿಸಬೇಕು. ಅನಂತರ ಚರ್ಮವನ್ನು ಸೀಳಿ, ಸ್ನಾಯುವಿನ ಎಳೆಗಳನ್ನು ಕತ್ತರಿಸದೆ, ಕ್ರಮವಾಗಿ ದಪ್ಪವಾಗುವ ಕಡ್ಡಿಗಳಿಂದ ಅಗಲಿಸಿ ಲ್ಯಾಮಿನದವರೆಗೆ ದಾರಿ ಮಾಡುವರು.

ಇನ್ನು ಮುಂದಿನ ಕೆಲಸವೆಲ್ಲ ನೀರಿನೊಳಗೆ. ನೂರಕ್ಕೆ ೦.೯ರಷ್ಟು ಉಪ್ಪು ಬೆರೆತ ಶುದ್ಧವಾದ ದ್ರಾವಣವು ಮೇಲೆ ತೂಗುಹಾಕಿದ ಚೀಲದಿಂದ ಎಡೆಬಿಡದೆ ಒಳಕ್ಕೆ ಹರಿದು ಹೊರಕ್ಕೆ ಬರುತ್ತಿರುತ್ತದೆ. ಇದರಿಂದ ಮೂರು ಪ್ರಯೋಜನಗಳು: ರಕ್ತವೂ ಮೂಳೆಯ ಹುಡಿಯೂ ಕೊಚ್ಚಿಹೋಗಿ ನೋಟ ತಿಳಿಯಾಗುತ್ತದೆ, ಭೈರಿಗೆಯ ಬಿಸಿ ತಣಿಯುತ್ತದೆ, ನೀರಿನ ಒತ್ತಡದಿಂದ ಸಣ್ಣ ಸಿರೆಗಳು ಅದುಮಿ ರಕ್ತಸ್ರಾವ ಕಡಿಮೆಯಾಗುತ್ತದೆ. ಒತ್ತಡ ಎಷ್ಟಿರಬೇಕು? ಸುಮಾರು ೩೦ ಮಿಲಿಮೀಟರು ಪಾದರಸದಷ್ಟೆಂದಿಟ್ಟುಕೊಳ್ಳೋಣ. ಪಾದರಸವು ನೀರಿಗಿಂತ ೧೩.೬ರಷ್ಟು ಸಾಂದ್ರವಾದುದರಿಂದ ಇದು ೩ × ೧೩.೬, ಎಂದರೆ ಸುಮಾರು ೪೧ ಸೆಂಟಿಮೀಟರು ನೀರಿನ ಕಂಬಕ್ಕೆ ಸಮ. ಕೊಳವೆಯ ಘರ್ಷಣೆಯಲ್ಲಿ ಕಳೆದುಹೋಗುವುದನ್ನು ಸೇರಿಸಿ ಚೀಲವನ್ನು ಗಾಯಕ್ಕಿಂತ ಇನ್ನಷ್ಟು ಮೇಲೆ ಕಟ್ಟಿದರಾಯಿತು. ಹೊರಹರಿವು ಕಟ್ಟಿಕೊಳ್ಳಬಾರದೆಂಬ ಎಚ್ಚರ ಮಾತ್ರ ಸದಾ ಬೇಕು. ಕಟ್ಟಿಕೊಂಡರೆ ಒತ್ತಡ ಡ್ಯೂರದ ಮೇಲೆ ಬಿದ್ದು ಮಿದುಳಿನವರೆಗೂ ಮುಟ್ಟಬಹುದು.

ಲ್ಯಾಮಿನದ ಅಂಚು ಕಾಣಿಸಿದ ಮೇಲೆ ವಜ್ರದ ಹುಡಿ ಹತ್ತಿಸಿದ, ಅತಿವೇಗವಾಗಿ ತಿರುಗುವ ಸಣ್ಣ ಗುಂಡಿನಿಂದ ಮೂಳೆಯನ್ನು ಒಳಗಡೆಯಿಂದ ತೆಳುವಾಗಿ ಅರೆಯುವರು. ಉಳಿದ ತೆಳು ಪದರವನ್ನು ಕಚ್ಚಿ ತೆಗೆಯುವ ಚಿಮುಟಕ್ಕೆ ‘ಕೆರಿಸನ್’ ಎಂದು ಹೆಸರು. ಹಳದಿ ಅಸ್ಥಿಬಂಧವನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು ಒಂದು ಜಾಣತನ. ಮೂಳೆ ಅರೆಯುವಾಗ ನರಗಳಿಗೆ ಅದೇ ಗುರಾಣಿ. ಮೂಳೆಯ ಕೆಲಸ ಮುಗಿದ ಮೇಲೆ ಅದನ್ನು ಸುಲಿದು ತೆಗೆಯುವರು. ರಕ್ತ ಒಸರುವಲ್ಲಿ ಎರಡು ತುದಿಗಳ ನಡುವೆ ಮಾತ್ರ ಅಧಿಕ ಆವೃತ್ತಿಯ ವಿದ್ಯುತ್ತು ಹರಿಯುವ ಕಡ್ಡಿಯಿಂದ ಮುಟ್ಟಿ ನಿಲ್ಲಿಸುವರು.

ಈ ಕ್ರಿಯೆಯ ಸೊಗಸಾದ ಭಾಗವಿರುವುದು ಮುಂದೆ. ಒಂದೇ ಪಕ್ಕದಿಂದ ಹೋಗಿ ಎರಡು ಪಕ್ಕಗಳನ್ನೂ ಬಿಡಿಸುವರು! ಕೊಳವೆಯನ್ನು ಓರೆಮಾಡಿ, ಹಿಂದಿನ ಮುಳ್ಳಿನ ಬುಡದ ಕೆಳಗೆ, ಡ್ಯೂರ ಚೀಲದ ಮೇಲಿನಿಂದ ಎದುರು ಪಕ್ಕಕ್ಕೆ ದಾಟಿ, ಅಲ್ಲಿನ ಕೀಲಿನ ಒಳಮೈಯನ್ನು ಮಾತ್ರ ಅರೆಯುವರು. ಎದುರು ಪಕ್ಕದ ಸ್ನಾಯುವನ್ನು ಮುಟ್ಟುವ ಪ್ರಮೇಯವೇ ಇಲ್ಲ. ಹಿಂದಿನ ಮುಳ್ಳು, ಮುಳ್ಳುಗಳನ್ನು ಕಟ್ಟಿರುವ ಅಸ್ಥಿಬಂಧಗಳು, ಕೀಲುಗಳ ಬಹುಭಾಗ ಇದ್ದ ಹಾಗೆಯೇ ಉಳಿಯುತ್ತವೆ. ಚಪ್ಪಟೆಯಾಗಿದ್ದ ಚೀಲ ಉಬ್ಬಿ ನಾಡಿಯೊಡನೆ ಮಿಡಿಯತೊಡಗಿದಾಗ, ನರದ ಬೇರುಗಳು ಸಡಿಲವಾಗಿ ಕದಲಿದಾಗ, ಕೆಲಸ ಪೂರ್ಣವಾಯಿತೆಂದು ತಿಳಿಯುವರು.

ಲಾಭವೆಷ್ಟು, ಮಿತಿಯೆಷ್ಟು?

ಗಾಯ ಚಿಕ್ಕದು, ರಕ್ತನಷ್ಟ ಕಡಿಮೆ, ಮೊದಲ ದಿನಗಳ ನೋವು ಕಡಿಮೆ. ಅನೇಕರು ಅದೇ ದಿನ ಅಥವಾ ಮರುದಿನ ಎದ್ದು ನಡೆಯುವರು. ಮುಪ್ಪಿನವರಿಗೆ ಹಾಸಿಗೆ ಹಿಡಿಯುವುದೇ ಒಂದು ಅಪಾಯವಾದುದರಿಂದ ಇದು ಸಾಮಾನ್ಯ ಲಾಭವಲ್ಲ. ಆದರೆ ನರಗಳ ಬಿಡುಗಡೆಯ ದೃಷ್ಟಿಯಿಂದ ಹೊಸ ಕ್ರಮವು ಹಳೆಯದಕ್ಕಿಂತ ಮೇಲೆ? ೨೦೨೦ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯದ ಒಂದು ಪರೀಕ್ಷೆಯಲ್ಲಿ ೬೪ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಎರಡು ಕಿಂಡಿಯ ಕ್ರಮದಿಂದಲೂ ಇನ್ನೊಂದಕ್ಕೆ ಸೂಕ್ಷ್ಮದರ್ಶಕದ ಕ್ರಮದಿಂದಲೂ ಶಸ್ತ್ರಚಿಕಿತ್ಸೆ ಮಾಡಿದರು. ಒಂದು ವರ್ಷದ ಅನಂತರ ಎರಡು ಗುಂಪುಗಳ ಸ್ಥಿತಿಯೂ ಸರಿಸುಮಾರು ಒಂದೇ ಆಗಿತ್ತು. ಎಂದಮೇಲೆ ಕಿಂಡಿಯಿಂದ ಬರುವ ಲಾಭ ಮುಖ್ಯವಾಗಿ ಚೇತರಿಕೆಯ ಮೊದಲ ವಾರಗಳದು. ಚೆನ್ನಾಗಿ ನಡೆದ ಹಳೆಯ ಕ್ರಮವನ್ನು ಹಳಿಯಲು ಕಾರಣವಿಲ್ಲ.

ತೊಡಕುಗಳೂ ಉಂಟು. ಡ್ಯೂರ ಹರಿದು ಒಳದ್ರವ ಸೋರಬಹುದು, ನರಕ್ಕೆ ಪೆಟ್ಟಾಗಬಹುದು, ರಕ್ತ ಹೆಪ್ಪುಗಟ್ಟಿ ಮತ್ತೆ ನರವನ್ನು ಒತ್ತಬಹುದು, ಸೋಂಕು ತಗಲಬಹುದು, ಸಂಕೋಚದ ಒಂದು ಭಾಗ ಹಾಗೆಯೇ ಉಳಿದುಬಿಡಬಹುದು. ಪರದೆಯ ಮೇಲಿನ ಚಿತ್ರ ಚಪ್ಪಟೆಯಾದುದು. ಆಳವನ್ನು ಕಣ್ಣಿನಿಂದಲ್ಲ, ಅನುಭವದಿಂದ ಅಳೆಯಬೇಕು. ಆದುದರಿಂದ ಈ ಕೌಶಲ ಕೈವಶವಾಗಲು ದೀರ್ಘ ಅಭ್ಯಾಸ ಅಗತ್ಯ. ಮಣಿಗಳು ಬಹಳವಾಗಿ ಜಾರುತ್ತಿದ್ದರೆ, ಬೆನ್ನು ವಿಪರೀತ ಓರೆಯಾಗಿದ್ದರೆ, ಕಿಂಡಿಯಿಂದ ನಾಳವನ್ನು ಬಿಡಿಸಿದ ಮಾತ್ರಕ್ಕೆ ಸಾಲದು.

ಯಾರಿಗೆ, ಯಾವಾಗ?

ನಾಳಸಂಕೋಚವಿದ್ದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ. ಅನೇಕರ ಸ್ಥಿತಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಬಾಗಿ ಮಾಡುವ ವ್ಯಾಯಾಮ, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳ ಬಲವರ್ಧನೆ, ಬೈಸಿಕಲ್ ತುಳಿತ, ತೂಕದ ಇಳಿತ, ಅಗತ್ಯವಾದಷ್ಟು ಔಷಧ ಇವುಗಳಿಂದಲೇ ಹಲವರು ತಮ್ಮ ದಿನಚರಿಯನ್ನು ನಡೆಸುವರು. ೨೦೧೫ರಲ್ಲಿ ಅಮೆರಿಕದಲ್ಲಿ, ಶಸ್ತ್ರಚಿಕಿತ್ಸೆಗೆ ಒಪ್ಪಿದ ೧೬೯ ರೋಗಿಗಳನ್ನು ಎರಡು ಪಾಲಾಗಿ ಹಂಚಿ ಒಂದು ಪಾಲಿಗೆ ವ್ಯಾಯಾಮವನ್ನು ವಿಧಿಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ಎರಡು ವರ್ಷಗಳ ಕೊನೆಗೆ ಎರಡು ಪಾಲಿನವರೂ ಸಮವಾಗಿ ಸುಧಾರಿಸಿದ್ದರು. ಆದರೆ ಇದನ್ನು ಓದುವಾಗ ಜಾಗರೂಕರಾಗಿರಬೇಕು. ವ್ಯಾಯಾಮದ ಪಾಲಿಗೆ ಬಂದವರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿ ನಡುವೆ ಮನಸ್ಸು ಬದಲಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ನಿಜವಾಗಿ ಶಸ್ತ್ರಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದಾಗ, ಪಡೆದವರು ಎರಡು ವರ್ಷಗಳ ಕೊನೆಯಲ್ಲಿ ಹೆಚ್ಚು ಸುಧಾರಿಸಿದ್ದುದು ಕಂಡುಬಂದಿತು. ಎರಡನ್ನೂ ಸೇರಿಸಿ ನೋಡಿದರೆ ತಿಳಿಯುವುದಿಷ್ಟು: ಮೊದಲು ವ್ಯಾಯಾಮವನ್ನು ಪ್ರಾಮಾಣಿಕವಾಗಿ ಮಾಡಿ ನೋಡುವುದರಿಂದ ಸಾಮಾನ್ಯವಾಗಿ ನಷ್ಟವಿಲ್ಲ, ಅದರಿಂದ ಗುಣ ಕಾಣದೆ, ನಡೆಯುವ ದೂರ ದಿನೇ ದಿನೇ ಕುಗ್ಗುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಕಾಗಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವಂತಿಲ್ಲ. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕುದುರೆಯ ಜೀನಿಗೆ ತಗಲುವ ಭಾಗವೆಲ್ಲ ಮರಗಟ್ಟಿದರೆ, ಪಾದ ಎತ್ತಲಾಗದೆ ಹೋದರೆ, ಅಶ್ವಪುಚ್ಛದ ನರಗಳು ನಾಶದ ಅಂಚಿನಲ್ಲಿವೆಯೆಂದು ಅರ್ಥ. ಅಂಥವರನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಗಂಟೆಗಳ ಲೆಕ್ಕವೇ ಹೊರತು ದಿನಗಳ ಲೆಕ್ಕವಲ್ಲ.

‘ಮುಪ್ಪಿನಲ್ಲಿ ಇದೆಲ್ಲ ಸಹಜ’ ಎಂದುಕೊಂಡು ನಡೆಯುವುದನ್ನೇ ಬಿಟ್ಟು ಮನೆಯ ಮೂಲೆಯಲ್ಲಿ ಕುಳಿತವರು ಎಷ್ಟೋ ಮಂದಿ. ನಡೆಯದ ದೇಹದಲ್ಲಿ ಸ್ನಾಯು ಕರಗುತ್ತದೆ, ಹೃದಯ ದುರ್ಬಲವಾಗುತ್ತದೆ, ಮನಸ್ಸೂ ಕುಗ್ಗುತ್ತದೆ. ಅವರ ತೊಂದರೆಗೆ ಹೆಸರಿದೆ, ಕಾರಣವಿದೆ, ಉಪಾಯಗಳೂ ಇವೆಯೆಂದು ತಿಳಿಸುವುದು ಮನೆಯ ಓದಿದ ಮಕ್ಕಳ ಕರ್ತವ್ಯ. ಜೊತೆಗೆ ಇನ್ನೊಂದು ಮಾತನ್ನೂ ತಿಳಿಸಬೇಕು: ಕಿಂಡಿ ಚಿಕ್ಕದಾದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಚಿಕ್ಕದಾಗುವುದಿಲ್ಲ. ಗಾಯದ ಅಳತೆಯನ್ನು ಕೇಳುವ ಮೊದಲು, ತಮ್ಮ ನೋವಿಗೂ ಚಿತ್ರದಲ್ಲಿ ಕಂಡ ಸಂಕೋಚಕ್ಕೂ ಸಂಬಂಧವುಂಟೆ, ವ್ಯಾಯಾಮವನ್ನು ಸಾಕಷ್ಟು ಮಾಡಿ ನೋಡಿದ್ದಾಯಿತೆ, ಈ ವೈದ್ಯರು ಇಂಥ ಕೆಲಸವನ್ನು ಎಷ್ಟು ಬಾರಿ ಮಾಡಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ರೋಗಿಯು ಕೇಳಿ ತಿಳಿದುಕೊಳ್ಳುವುದು ಲೇಸು.